ಕೋಟೆ, ಮರಳು, ಬೆಟ್ಟ, ಕಡಲು: ದಾವಣಗೆರೆ–ಹರಿಹರದ ಕುಟುಂಬಗಳು ಯಾತ್ರೆಯ ಸ್ಥಳಗಳನ್ನು ಆರಿಸುವುದು ಹೇಗೆ?

ದೂರದ ಯಾತ್ರೆಯ ಮಾತು ಬಂದಾಗ ಮನೆಯಲ್ಲಿ ಎಲ್ಲರ ಆಸೆ ಒಂದೇ ಆಗಿರುವುದಿಲ್ಲ. ಮಕ್ಕಳಿಗೆ ಮರುಭೂಮಿಯ ಮರಳು ಮತ್ತು ಸಮುದ್ರ ಬೇಕು. ಅಜ್ಜ-ಅಜ್ಜಿಗೆ ಕೈಕಾಲು ಗಟ್ಟಿ ಇರುವಾಗಲೇ ತೀರ್ಥಕ್ಷೇತ್ರಗಳ ದರ್ಶನ ಆಗಬೇಕು. ಅಂಗಡಿ ಅಥವಾ ಕಚೇರಿ ನೋಡಿಕೊಳ್ಳುವವರಿಗೆ ಎಷ್ಟು ದಿನ ಊರು ಬಿಡಬಹುದು ಎಂಬ ಲೆಕ್ಕ. ಈ ಎಲ್ಲರನ್ನೂ ಸಮಾಧಾನಪಡಿಸಲು ಹಳೆಯ ನಗರ, ಮರುಭೂಮಿ, ಬೆಟ್ಟ, ಕಡಲು ನಾಲ್ಕನ್ನೂ ಒಂದೇ ಪ್ರವಾಸದಲ್ಲಿ ತುರುಕಿದರೆ, ದೇವರ ಮುಂದೆ ನಿಂತ ಹೊತ್ತಿಗಿಂತ ವಾಹನದಲ್ಲಿ ಕೂತ ಹೊತ್ತೇ ಹೆಚ್ಚಾಗುತ್ತದೆ. ಅದರ ಭಾರ ಮೊದಲು ಬೀಳುವುದು ಹಿರಿಯರ ಮೇಲೆ.

ದಾವಣಗೆರೆ ಮತ್ತು ಹರಿಹರದ ಕುಟುಂಬಗಳಿಗೆ ಇದಕ್ಕೊಂದು ಸರಳ ದಾರಿ ಇದೆ. ಹಳೆಯ ನಗರ ಮತ್ತು ಮರುಭೂಮಿಗೆ ಉತ್ತರಕ್ಕೆ ಹೋಗಲೇಬೇಕು. ಅದಕ್ಕೆ ಊರಿನ ಮೇಲೆಯೇ ಹಾದುಹೋಗುವ ರೈಲುಗಳಿವೆ. ಬೆಟ್ಟ ಮತ್ತು ಕಡಲಿಗೆ ಅಷ್ಟು ದೂರ ಹೋಗಬೇಕಿಲ್ಲ. ಮಲೆನಾಡು ಮತ್ತು ಕರಾವಳಿಯ ಬಸದಿಗಳು ಅರ್ಧ ದಿನದಿಂದ ಒಂದು ದಿನದ ರಸ್ತೆಯಲ್ಲಿವೆ. ಆದ್ದರಿಂದ ನಾಲ್ಕನ್ನೂ ನೋಡಬಹುದು, ಆದರೆ ಎರಡು ಯಾತ್ರೆಗಳಾಗಿ ಹಂಚಿಕೊಂಡರೆ ಚೆನ್ನ.

ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಊರುಗಳ ಪಟ್ಟಿ ಬರೆಯುವ ಮೊದಲು ಮನೆಯವರೆಲ್ಲ ಕೂತು ಮೂರು ವಿಷಯ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಒಂದು, ಮೆಟ್ಟಿಲು. ಮನೆಯ ಹಿರಿಯರು ಎಷ್ಟು ಮೆಟ್ಟಿಲು ಹತ್ತಬಲ್ಲರು? ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅದನ್ನು ಈಚೆಗೆ ಹತ್ತಿ ಇಳಿದವರಿಗೆ ತಮ್ಮ ಶಕ್ತಿ ಗೊತ್ತಿರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

ಎರಡು, ಊಟದ ಹೊತ್ತು. ರಾತ್ರಿ ಭೋಜನ ತ್ಯಾಗ, ಕಂದಮೂಲ ತ್ಯಾಗ, ಕಾಯಿಸಿದ ನೀರು ಇವುಗಳಲ್ಲಿ ಯಾವ ನಿಯಮವನ್ನು ಯಾರು ಪಾಲಿಸುತ್ತಾರೆ? ಇಡೀ ದಿನದ ವೇಳಾಪಟ್ಟಿ ಇದರ ಮೇಲೆ ನಿಲ್ಲುತ್ತದೆ.

ಮೂರು, ದಿನಗಳು. ಪ್ರಯಾಣದ ದಿನಗಳನ್ನು ಕಳೆದ ಮೇಲೆ ಕೈಯಲ್ಲಿ ಎಷ್ಟು ದಿನ ಉಳಿಯುತ್ತದೆ? ಅಹಮದಾಬಾದ್‌ವರೆಗಿನ ರೈಲು ಪ್ರಯಾಣವೇ ಒಂದು ಹಗಲು ಒಂದು ರಾತ್ರಿಗೂ ಮಿಕ್ಕುತ್ತದೆ. ಹತ್ತು ದಿನದ ಯಾತ್ರೆಯಲ್ಲಿ ಮೂರು-ನಾಲ್ಕು ದಿನ ಹೋಗಿ ಬರುವುದಕ್ಕೇ ಬೇಕು.

ಉತ್ತರದ ಯಾತ್ರೆ: ಒಂದೇ ರೈಲು ಮಾರ್ಗದ ಊರುಗಳು

ಮೈಸೂರು–ಅಜ್ಮೇರ್ ಮತ್ತು ಬೆಂಗಳೂರು–ಜೋಧ್‌ಪುರ ರೈಲುಗಳು ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ ಮಾರ್ಗವಾಗಿ ಹೋಗುತ್ತವೆ. ಇವು ಪ್ರತಿದಿನ ಓಡುವುದಿಲ್ಲ; ವಾರದ ದಿನ ಮತ್ತು ನಿಲ್ದಾಣ ನೋಡಿಕೊಂಡೇ ಯಾತ್ರೆಯ ಆರಂಭ ಗೊತ್ತುಮಾಡಬೇಕು. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ (2024ರ ನವೆಂಬರ್‌ವರೆಗೆ ಅದು 120 ದಿನ ಇತ್ತು). 60 ವರ್ಷ ದಾಟಿದ ಪುರುಷರು ಮತ್ತು 45 ವರ್ಷ ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ಆದರೆ ಒಂದು ಟಿಕೆಟ್‌ನಲ್ಲಿ ಅಂಥವರು ಒಬ್ಬರೇ ಅಥವಾ ಇಬ್ಬರೇ ಇದ್ದಾಗ ಮಾತ್ರ ಅದು ಅನ್ವಯಿಸುತ್ತದೆ. ಇಡೀ ಕುಟುಂಬಕ್ಕೆ ಒಂದೇ ಟಿಕೆಟ್ ಮಾಡಿಸುವ ಬದಲು ಅಜ್ಜ-ಅಜ್ಜಿಯ ಟಿಕೆಟ್ ಬೇರೆ ಮಾಡಿಸಿದರೆ ಅವರು ಮೇಲಿನ ಬರ್ತ್ ಹತ್ತುವ ಕಷ್ಟ ತಪ್ಪಬಹುದು.

ಈ ಮಾರ್ಗದಲ್ಲಿ ಸಿಗುವ ಮೊದಲ ಹಳೆಯ ನಗರ ಅಹಮದಾಬಾದ್. 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆಯ ನಗರವಾಗಿ ಯುನೆಸ್ಕೊ ಇದನ್ನು ಗುರುತಿಸಿತು. ಹಳೆಯ ಪೇಟೆಯ 'ಪೋಳ್' ಎಂಬ ಕೇರಿಗಳ ನಡುವೆ ಅನೇಕ ಜಿನಾಲಯಗಳಿವೆ. ದೆಹಲಿ ದರವಾಜದ ಹೊರಗಿರುವ ಹಠೀಸಿಂಗ್ ಜಿನಾಲಯ 15ನೇ ತೀರ್ಥಂಕರರಾದ ಧರ್ಮನಾಥರದು, 1848ರಲ್ಲಿ ಪೂರ್ಣಗೊಂಡಿತು. ಆರಂಭಿಸಿದ ಶೇಠ್ ಹಠೀಸಿಂಗ್ ತೀರಿಕೊಂಡ ಮೇಲೆ ಪತ್ನಿ ಹರಕುಂವರ್ ಶೇಠಾಣಿ ಮುಂದೆ ನಿಂತು ಅದನ್ನು ಮುಗಿಸಿದರು. ಮೆಟ್ಟಿಲುಗಳ ಶ್ರಮವಿಲ್ಲದ ಊರು. ರೈಲು ಪ್ರಯಾಣದ ದಣಿವು ಆರಿಸಿಕೊಳ್ಳಲು ಒಂದು ದಿನ ಇಲ್ಲಿ ತಂಗಬಹುದು.

ಅಲ್ಲಿಂದ ಮುಂದೆ ಅಬು ರೋಡ್. ನಿಲ್ದಾಣದಿಂದ ಸುಮಾರು 28 ಕಿ.ಮೀ. ಮೇಲೇರಿದರೆ ಮೌಂಟ್ ಅಬು. ದಿಲ್ವಾಡದ ವಿಮಲ ವಸಹಿ 1031ರದು, ವಸ್ತುಪಾಲ-ತೇಜಪಾಲ ಸಹೋದರರ ಲೂಣ ವಸಹಿ 1230ರದು. ಬೆಳಗಿನ ಹೊತ್ತು ಪೂಜೆಗೆ ಮೀಸಲು. ಪ್ರವಾಸಿಗರ ವೀಕ್ಷಣೆ ಮಧ್ಯಾಹ್ನ 12ರ ನಂತರ. ಪೂಜೆ ಮಾಡಬೇಕೆಂಬ ಕುಟುಂಬ ಹಿಂದಿನ ರಾತ್ರಿಯೇ ಬೆಟ್ಟದ ಮೇಲೆ ಉಳಿಯಬೇಕು. ಉತ್ತರದ ಯಾತ್ರೆಯಲ್ಲೇ ಒಂದು ಬೆಟ್ಟವೂ ಬೇಕೆನ್ನುವವರಿಗೆ ಇದು ಸುಲಭದ್ದು. ಜಿನಾಲಯದ ಬಾಗಿಲವರೆಗೂ ವಾಹನ ಹೋಗುತ್ತದೆ.

ಅದೇ ಮಾರ್ಗದ ಫಾಲ್ನಾ ನಿಲ್ದಾಣದಿಂದ ಸುಮಾರು 35 ಕಿ.ಮೀ. ದೂರದಲ್ಲಿ ರಾಣಕಪುರ. ಇಲ್ಲಿನ ಚತುರ್ಮುಖ ಆದಿನಾಥ ಜಿನಾಲಯದ ಕೆಲಸ 15ನೇ ಶತಮಾನದಲ್ಲಿ, ರಾಣಾ ಕುಂಭನ ಕಾಲದಲ್ಲಿ ನಡೆಯಿತು; ಅದರಲ್ಲಿ 1,444 ಕಂಬಗಳಿವೆ ಎನ್ನುವುದು ಪ್ರಸಿದ್ಧ. ಅದೇ ಶತಮಾನದಲ್ಲಿ, 1430ರಲ್ಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ ಎದ್ದಿತು. ಒಂದು ಅಮೃತಶಿಲೆ, ಇನ್ನೊಂದು ಕರಾವಳಿಯ ಕಲ್ಲು ಮತ್ತು ಇಳಿಜಾರು ಮಾಡು. ಎರಡನ್ನೂ ನೋಡಿದ ಮಕ್ಕಳಿಗೆ ಒಂದೇ ಧರ್ಮ ಎರಡು ನಾಡುಗಳಲ್ಲಿ ಹೇಗೆ ನೆಲೆಗೊಂಡಿತು ಎಂಬುದು ಪಾಠವಿಲ್ಲದೆಯೇ ತಿಳಿಯುತ್ತದೆ.

ದಿಗಂಬರ ಸಂಪ್ರದಾಯದ ಕುಟುಂಬಗಳು ಅಜ್ಮೇರ್‌ವರೆಗೂ ಮುಂದುವರಿಯಬಹುದು. ಅಲ್ಲಿನ ಸೋನಿಜಿ ಕಿ ನಸಿಯಾಂ 19ನೇ ಶತಮಾನದ ದಿಗಂಬರ ಮಂದಿರ. ಅಯೋಧ್ಯೆ ಮತ್ತು ಆದಿನಾಥರ ಪಂಚಕಲ್ಯಾಣಕದ ದೃಶ್ಯಗಳನ್ನು ಚಿನ್ನದ ಲೇಪದ ಮರದ ಮಾದರಿಗಳಲ್ಲಿ ತೋರಿಸುವ 'ಸ್ವರ್ಣ ನಗರಿ' ಮಕ್ಕಳಿಗೂ ಹಿಡಿಸುತ್ತದೆ.

ಮರುಭೂಮಿಗೆ ಜೈಸಲ್ಮೇರ್ ಅಥವಾ ಓಸಿಯಾಂ

ಮರುಭೂಮಿ ಎಂದೊಡನೆ ಎಲ್ಲರೂ ಹೇಳುವುದು ಜೈಸಲ್ಮೇರ್. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆಯೊಳಗೆ ಇಂದಿಗೂ ಜನ ವಾಸವಿದ್ದಾರೆ. ಹಳದಿ ಕಲ್ಲಿನ ಜಿನಾಲಯಗಳ ಗುಂಪು ಮತ್ತು ಪ್ರಾಚೀನ ತಾಳೆಗರಿ ಗ್ರಂಥಗಳ ಜಿನಭದ್ರಸೂರಿ ಜ್ಞಾನಭಂಡಾರ ಅದರೊಳಗೇ ಇವೆ. ಹಳೆಯ ರಾಜಧಾನಿ ಲೋದ್ರವಾದ ಪಾರ್ಶ್ವನಾಥ ಜಿನಾಲಯ ಸುಮಾರು 15 ಕಿ.ಮೀ., ಸಮ್ ಮರಳುದಿಬ್ಬಗಳು ಸುಮಾರು 40 ಕಿ.ಮೀ. ದೂರ. ಆದರೆ ಜೋಧ್‌ಪುರದಿಂದ ಜೈಸಲ್ಮೇರ್‌ಗೆ 280 ಕಿ.ಮೀ.ಗೂ ಹೆಚ್ಚು. ಹೋಗಿಬರುವುದಕ್ಕೂ ನೋಡುವುದಕ್ಕೂ ಸೇರಿ ಕನಿಷ್ಠ ಮೂರು ದಿನ ಬೇಕು.

ಅಷ್ಟು ದಿನ ಇಲ್ಲದವರಿಗೆ ಓಸಿಯಾಂ ಇದೆ. ಜೋಧ್‌ಪುರದಿಂದ ಸುಮಾರು 65 ಕಿ.ಮೀ.; ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. 8ನೇ ಶತಮಾನದ, ಪ್ರತೀಹಾರರ ಕಾಲದ ಮಹಾವೀರ ಜಿನಾಲಯ ಇಲ್ಲಿದೆ. ಊರಿನ ಅಂಚಿನಲ್ಲೇ ಮರಳುದಿಬ್ಬಗಳಿವೆ. ಓಸ್ವಾಲ ಸಮಾಜ ತನ್ನ ಮೂಲವನ್ನು ಈ ಊರಿಗೇ ಜೋಡಿಸಿ ಹೇಳುತ್ತದೆ. ಮಾರವಾಡದಿಂದ ಬಂದು ಕರ್ನಾಟಕದ ಪೇಟೆಗಳಲ್ಲಿ ನೆಲೆಸಿದ ಮನೆತನಗಳ ಮಕ್ಕಳಿಗೆ, ಹೆಸರಿನ ಹಿಂದಿರುವ ಊರನ್ನು ಕಣ್ಣಾರೆ ನೋಡುವ ಅವಕಾಶ ಇದು. ಹಿರಿಯರು ಜೊತೆಗಿದ್ದು ರಜೆ ಕಡಿಮೆ ಇದ್ದರೆ ಜೈಸಲ್ಮೇರ್ ಬಿಟ್ಟು ಓಸಿಯಾಂ ಆರಿಸಿಕೊಂಡವರಿಗೆ ನಷ್ಟವಿಲ್ಲ. 1459ರಲ್ಲಿ ರಾವ್ ಜೋಧಾ ಸ್ಥಾಪಿಸಿದ ಜೋಧ್‌ಪುರ ಮತ್ತು ಮೆಹರಾನ್‌ಗಢ ಕೋಟೆ ನೋಡಲೂ ಸಮಯ ಉಳಿಯುತ್ತದೆ.

ಸೂರ್ಯಾಸ್ತದ ಲೆಕ್ಕ

ಮರುಭೂಮಿ ಪ್ರವಾಸದಲ್ಲಿ ಜೈನ ಕುಟುಂಬಗಳಿಗೆ ನಿಜವಾದ ತೊಡಕು ಊಟದ ಹೊತ್ತಿನದು. ಮರಳುದಿಬ್ಬಗಳ ಟೆಂಟ್‌ಗಳಲ್ಲಿ ಸೂರ್ಯಾಸ್ತದ ಸವಾರಿ, ನಂತರ ಹಾಡು-ಕುಣಿತ, ಆಮೇಲೆ ಊಟ ಎಂಬುದೇ ಕ್ರಮ. ಚೌವಿಹಾರ ಪಾಲಿಸುವವರಿಗೆ ಇದು ಹೊಂದುವುದಿಲ್ಲ. ಸಂಜೆ ಐದಕ್ಕೆ ಊಟ ಮುಗಿಸಿ ದಿಬ್ಬಕ್ಕೆ ಹೋಗಬೇಕು, ಇಲ್ಲವೇ ಬೆಳಗಿನ ಹೊತ್ತೇ ಹೋಗಿಬರಬೇಕು. ಪ್ರಾಣಿಗಳ ಮೇಲೆ ಸವಾರಿ ಮಾಡದ ನಿಯಮವಿದ್ದವರು ನಡೆದೇ ದಿಬ್ಬ ಹತ್ತಬಹುದು.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ದಾವಣಗೆರೆಯಲ್ಲಿ ಸೂರ್ಯೋದಯ ಸುಮಾರು 6.45ಕ್ಕೆ; ಜೈಸಲ್ಮೇರ್‌ನಲ್ಲಿ ಸುಮಾರು 7.30ಕ್ಕೆ. ಸೂರ್ಯಾಸ್ತ ಎರಡೂ ಕಡೆ ಹೆಚ್ಚುಕಡಿಮೆ ಆರು ಗಂಟೆಗೇ. ಅಂದರೆ ಹಗಲು ಅಲ್ಲಿ ಸುಮಾರು 50 ನಿಮಿಷ ಚಿಕ್ಕದು. ನವಕಾರಸಿ ಮಾಡುವವರಿಗೆ ಬಾಯಿಗೆ ನೀರು ಬೀಳುವಾಗ 8.15 ಮೀರಿರುತ್ತದೆ. ಊರಿನ ಗಡಿಯಾರದ ಲೆಕ್ಕದಲ್ಲಿ ಬೆಳಿಗ್ಗೆ ಏಳಕ್ಕೆ ಹೊರಡುವ ಯೋಜನೆ ಹಾಕಿದರೆ ಹಿರಿಯರು ಉಪವಾಸದಲ್ಲೇ ಬಸ್ ಹತ್ತಬೇಕಾಗುತ್ತದೆ.

ಗಿರನಾರ್, ಪಾಲಿತಾನ: ಜೊತೆಗೆ ಸೇರಿಸಬಾರದ ಬೆಟ್ಟಗಳು

ಅಹಮದಾಬಾದ್‌ವರೆಗೆ ಹೋದಮೇಲೆ ಗಿರನಾರ್ ಮತ್ತು ಶತ್ರುಂಜಯವನ್ನೂ ಮುಗಿಸಿಬಿಡೋಣ ಎಂದು ಅನ್ನಿಸುವುದು ಸಹಜ. ಆದರೆ ಪಾಲಿತಾನದ ಶತ್ರುಂಜಯಕ್ಕೆ 3,000ಕ್ಕೂ ಹೆಚ್ಚು ಮೆಟ್ಟಿಲು. ರಾತ್ರಿ ಬೆಟ್ಟದ ಮೇಲೆ ಯಾರೂ ತಂಗುವಂತಿಲ್ಲ. ಚಾತುರ್ಮಾಸದಲ್ಲಿ ಯಾತ್ರೆ ನಿಲ್ಲುತ್ತದೆ. ನೇಮಿನಾಥರ ನಿರ್ವಾಣಭೂಮಿಯಾದ ಗಿರನಾರ್‌ನ ಎಲ್ಲ ಶಿಖರಗಳನ್ನು ಮುಟ್ಟಲು ಸುಮಾರು 10,000 ಮೆಟ್ಟಿಲು. 2020ರ ಅಕ್ಟೋಬರ್‌ನಿಂದ ಅಲ್ಲಿ ರೋಪ್‌ವೇ ಇದೆ, ನಿಜ. ಆದರೆ ಅದು ಇಳಿಸುವುದು ಅಂಬಾಜಿ ಮಂದಿರದ ಬಳಿ. ಜಿನಾಲಯಗಳು ಅದಕ್ಕಿಂತ ಕೆಳಗಿವೆ. ಐದನೆಯ ಟೊಂಕ್ ಅಲ್ಲಿಂದ ಇನ್ನೂ ಮುಂದೆ. ರೋಪ್‌ವೇ ಇದೆ ಎಂಬ ಧೈರ್ಯದಲ್ಲಿ ಹೋದವರೂ ಸಾವಿರಾರು ಮೆಟ್ಟಿಲು ಹತ್ತಿ ಇಳಿಯಲೇಬೇಕು. ಈ ಎರಡು ಬೆಟ್ಟಗಳಿಗೆ ಬೇರೆಯೇ ಯಾತ್ರೆ ಇಟ್ಟುಕೊಳ್ಳುವುದು ಉಚಿತ.

ಮನೆಯ ಹತ್ತಿರದ ಬೆಟ್ಟ ಮತ್ತು ಕಡಲು

ಎರಡನೆಯ ಯಾತ್ರೆಗೆ ನಾಲ್ಕು ದಿನ ಸಾಕು. ಹರಿಹರದಿಂದ ಹೊನ್ನಾಳಿ, ಶಿವಮೊಗ್ಗ ದಾಟಿ ಮೊದಲ ನಿಲುಗಡೆ ಹೊಂಬುಜ. ಜಿನದತ್ತರಾಯನ ಪರಂಪರೆಯ ಸಾಂತರರ ರಾಜಧಾನಿ. ಪಾರ್ಶ್ವನಾಥ ಸ್ವಾಮಿ ಮತ್ತು ಪದ್ಮಾವತಿ ದೇವಿಯ ಸನ್ನಿಧಿ. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯನ್ನು ನೋಡದೆ ಹೊರಡಬಾರದು.

ಮರುದಿನ ತೀರ್ಥಹಳ್ಳಿಯ ಮೇಲೆ ಆಗುಂಬೆಯ ಕಡೆಗೆ ಹೋದರೆ ಕುಂದಾದ್ರಿ. ಆಚಾರ್ಯ ಕುಂದಕುಂದರ ಹೆಸರಿನೊಂದಿಗೆ ಬೆಸೆದುಕೊಂಡ ಬೆಟ್ಟ, ಮೇಲೆ ಪಾರ್ಶ್ವನಾಥ ಬಸದಿ. ಬೆಟ್ಟದ ಮೇಲಿನವರೆಗೂ ವಾಹನದ ದಾರಿ ಇದ್ದು ಕೊನೆಯಲ್ಲಿ ಕೆಲವೇ ಮೆಟ್ಟಿಲು ಇರುವುದರಿಂದ ಮೊಣಕಾಲು ನೋವಿನವರಿಗೂ ಬೆಟ್ಟದ ದರ್ಶನ ಸಾಧ್ಯ. ದಾರಿ ಕಡಿದಾದದ್ದು, ಮುಂದಿನ ಆಗುಂಬೆ ಘಾಟಿಯ ತಿರುವುಗಳೂ ಇಕ್ಕಟ್ಟು. ದೊಡ್ಡ ಬಸ್ ಬದಲು ಸಣ್ಣ ವಾಹನವೇ ಬೇಕು.

ಘಾಟಿ ಇಳಿದು ಹೆಬ್ರಿ ದಾಟಿದರೆ ವರಂಗ. ಕೆರೆಯ ನಡುವಿನ ಬಸದಿಗೆ ದೋಣಿಯಲ್ಲಿ ಹೋಗಬೇಕು. ಮುಂದೆ ಕಾರ್ಕಳದಲ್ಲಿ 1432ರ 42 ಅಡಿಯ ಗೊಮ್ಮಟ ಮತ್ತು 1586ರ ಚತುರ್ಮುಖ ಬಸದಿ. ಮೂಡುಬಿದಿರೆಯಲ್ಲಿ 18 ಬಸದಿಗಳು. ಸಿದ್ಧಾಂತ ಗ್ರಂಥಗಳಾದ ಧವಲಾದಿಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಊರು ಇದು. ರಾತ್ರಿ ಇಲ್ಲಿ ತಂಗಿದರೆ ಮರುದಿನ ಕಡಲು.

ಕಡಲಿಗೆ ಮಲ್ಪೆಯೂ ಆದೀತು. ಆದರೆ ಮರಳುವ ದಾರಿಯನ್ನು ಉತ್ತರದ ಕಡೆಯಿಂದ ಇಟ್ಟುಕೊಂಡರೆ ಕಡಲಿನ ಜೊತೆಗೆ ಇತಿಹಾಸವೂ ಸಿಗುತ್ತದೆ. ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ ಇದೆ. ಹೊನ್ನಾವರದಿಂದ ಒಳಗೆ ತಿರುಗಿದರೆ ಗೇರುಸೊಪ್ಪೆ. ಶರಾವತಿಯ ಆಚೆ ದಡದ ಕಾಡಿನಲ್ಲಿ ಚತುರ್ಮುಖ ಬಸದಿ. ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿ ಆಳಿದ ನೆಲ ಇದು. ಅಲ್ಲಿಂದ ಜೋಗ, ಸಾಗರ, ಶಿವಮೊಗ್ಗ ಮಾರ್ಗವಾಗಿ ಮನೆ ಸೇರಬಹುದು.

ಯಾವ ಕಾಲಕ್ಕೆ ಯಾವುದು?

ಎರಡೂ ಯಾತ್ರೆಗೆ ಕಾರ್ತಿಕ ಹುಣ್ಣಿಮೆಯಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ದಸರಾ ರಜೆ ಚಾತುರ್ಮಾಸದೊಳಗೆ ಬರುತ್ತದೆ. ಆಗ ಊರಿನಲ್ಲಿ ತ್ಯಾಗಿಗಳ, ಸಾಧು-ಸಾಧ್ವಿಯರ ವರ್ಷಾಯೋಗವಿದ್ದರೆ ಅವರ ಪ್ರವಚನ ಬಿಟ್ಟು ಹೊರಡುವುದು ಹಿರಿಯರಿಗೆ ಸರಿಬಾರದು. ಮಳೆಗಾಲದಲ್ಲಿ ಆಗುಂಬೆಯ ದಾರಿ ಜಾರುತ್ತದೆ, ನೆಲದ ತುಂಬ ಸೂಕ್ಷ್ಮಜೀವಿಗಳಿರುತ್ತವೆ. ಬೇಸಿಗೆ ರಜೆಯಲ್ಲಿ ಮರುಭೂಮಿಯ ಬಿಸಿಲು ಹಿರಿಯರಿಗೂ ಮಕ್ಕಳಿಗೂ ತಡೆಯುವಂಥದ್ದಲ್ಲ. ಆದ್ದರಿಂದ ಡಿಸೆಂಬರ್‌ನಲ್ಲಿ ಉತ್ತರ, ಜನವರಿ ಅಥವಾ ಫೆಬ್ರವರಿಯ ಒಂದು ವಾರಾಂತ್ಯಕ್ಕೆ ಎರಡು ದಿನ ರಜೆ ಸೇರಿಸಿ ಮಲೆನಾಡು–ಕರಾವಳಿ ಎಂದು ಇಟ್ಟುಕೊಳ್ಳಬಹುದು.

ಹತ್ತು ದಿನದ ಉತ್ತರ ಯಾತ್ರೆಯನ್ನು ಹೀಗೆ ಹಂಚಿಕೊಳ್ಳಬಹುದು: ಹೋಗಲು ಎರಡು ದಿನ, ಅಹಮದಾಬಾದ್ ಒಂದು, ಅಬು ಎರಡು, ರಾಣಕಪುರ ಒಂದು, ಜೋಧ್‌ಪುರ ಮತ್ತು ಓಸಿಯಾಂ ಎರಡು, ಮರಳಲು ಎರಡು. ಜೈಸಲ್ಮೇರ್ ಬೇಕೆಂದರೆ ಮೂರು ದಿನ ಕೂಡಿಸಬೇಕು, ಇಲ್ಲವೇ ಅಹಮದಾಬಾದ್ ಮತ್ತು ಅಬುವಿನ ಮೂರು ದಿನಗಳನ್ನು ಬಿಟ್ಟುಕೊಡಬೇಕು. ಧರ್ಮಶಾಲೆ ಮತ್ತು ಭೋಜನಶಾಲೆಗಳಿಗೆ ಮೊದಲೇ ತಿಳಿಸಿ, ಎಷ್ಟು ಜನ, ಸಂಜೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ಹೇಳಿಡಬೇಕು.

ಎರಡೂ ಯಾತ್ರೆ ಒಂದೇ ವರ್ಷ ಆಗದಿದ್ದರೆ, ಯಾವುದು ಮೊದಲು ಎಂಬುದನ್ನು ಮಕ್ಕಳ ಆಸೆಗಿಂತ ಹಿರಿಯರ ಆರೋಗ್ಯ ನೋಡಿ ನಿರ್ಧರಿಸುವುದು ಸರಿ. ಎರಡು ರಾತ್ರಿಯ ರೈಲು ಪ್ರಯಾಣ ತಡೆಯುವ ಶಕ್ತಿ ಈ ವರ್ಷ ಇದ್ದರೆ ಈ ವರ್ಷವೇ ಉತ್ತರಕ್ಕೆ ಹೊರಡಬೇಕು. ಹೊಂಬುಜ ಮತ್ತು ಮೂಡುಬಿದಿರೆ ಮುಂದಿನ ವರ್ಷವೂ ಅಷ್ಟೇ ಹತ್ತಿರದಲ್ಲಿರುತ್ತವೆ.