ಕರೋನಾದ ಮಿಡಿತ ಅರಸಿ ನೆರಳಿನ ಬೆನ್ನಟ್ಟಿದವರು

1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯನ್ನು ತಾಗಿ, ಹುಬ್ಬಳ್ಳಿ, ರಾಯಚೂರುಗಳನ್ನು ಹಾದು ಆಂಧ್ರಪ್ರದೇಶದತ್ತ ಸಾಗಿತು. ಗ್ರಹಣಕ್ಕೆ ಅಂಜಿ ಮನೆಯ ಬಾಗಿಲು ಹಾಕಿಕೊಂಡವರು ಅಂದು ಕಡಿಮೆಯೇನಿರಲಿಲ್ಲ. ಅದೇ ನೆರಳಿನ ಹಾದಿಯಲ್ಲಿ, ಹೈದರಾಬಾದಿಗೆ ಸಮೀಪದ ಜಪಾಲ್-ರಂಗಾಪುರ ವೀಕ್ಷಣಾಲಯದಲ್ಲಿ, ಅಮೆರಿಕದ ವಿಲಿಯಮ್ಸ್ ಕಾಲೇಜಿನ ಖಗೋಳವಿಜ್ಞಾನಿ ಜೇ ಪಾಸಕಾಫ್ ಅವರ ತಂಡ ಉಪಕರಣಗಳನ್ನು ಹೂಡಿ ಕಾದಿತ್ತು. ಸೂರ್ಯನ ಹೊರ ಪ್ರಭಾವಲಯವಾದ ಕರೋನಾದ ಬೆಳಕು ಸೆಕೆಂಡಿಗೊಮ್ಮೆ ಎಂಬಷ್ಟು ವೇಗವಾಗಿ ಮಿಡಿಯುತ್ತಿದೆಯೇ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು.

ಈ ಪ್ರಶ್ನೆಯ ಹಿಂದೆ ಹಳೆಯದೊಂದು ಒಗಟಿದೆ. ನಮ್ಮ ಕಣ್ಣಿಗೆ ಕಾಣುವ ಸೂರ್ಯಬಿಂಬದ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರಿಂದ ಮೇಲೇರಿದಂತೆ ಕಾವು ಇಳಿಯಬೇಕಾದದ್ದು ನ್ಯಾಯ. ಆದರೆ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಯನ್ನೂ ಮೀರುತ್ತದೆ. 1869ರ ಗ್ರಹಣದಲ್ಲಿ ಕರೋನಾದ ರೋಹಿತದಲ್ಲಿ ಕಂಡ ಹಸಿರು ಗೆರೆಯೊಂದನ್ನು ಹೊಸ ಮೂಲವಸ್ತುವಿನದೆಂದು ಭ್ರಮಿಸಿ ‘ಕರೋನಿಯಂ’ ಎಂದು ಹೆಸರಿಟ್ಟಿದ್ದರು. ಅದು ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ ಗುರುತು ಎಂಬುದು ಗ್ರೋಟ್ರಿಯನ್ ಮತ್ತು ಎಡ್ಲೇನ್ ಅವರ ಸಂಶೋಧನೆಗಳಿಂದ ತಿಳಿಯಲು ಎಪ್ಪತ್ತು ವರ್ಷ ಹಿಡಿಯಿತು. ಕಬ್ಬಿಣಕ್ಕೆ ಆ ಗತಿ ಬರಬೇಕಾದರೆ ಇರಬೇಕಾದ ಕಾವೇ ಕರೋನಾದ ಉಷ್ಣತೆಯನ್ನು ಬಯಲುಮಾಡಿತು.

ಈ ಕಾವನ್ನು ಅಲ್ಲಿಗೆ ಒಯ್ಯುವವರಾರು? ಸೂರ್ಯನ ಕಾಂತಕ್ಷೇತ್ರವೇ ವಾಹಕ ಎಂಬುದರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಒಯ್ಯುವ ಬಗೆಯಲ್ಲಿದೆ ಜಗಳ. ಹೆಣೆದುಕೊಂಡ ಕಾಂತರೇಖೆಗಳು ಕಡಿದು ಕೂಡುವಾಗ ಅಸಂಖ್ಯ ಕಿರು ಸ್ಫೋಟಗಳು ಸಂಭವಿಸುತ್ತವೆ ಎಂದು 1988ರಲ್ಲಿ ಯೂಜೀನ್ ಪಾರ್ಕರ್ ವಾದಿಸಿದರು. ಇನ್ನೊಂದು ಪಕ್ಷದ ಪ್ರಕಾರ ಅಲೆಗಳೇ ಶಕ್ತಿಯನ್ನು ಹೊತ್ತೊಯ್ಯುತ್ತವೆ. ಆದರೆ ನಿಧಾನದ ಅಲೆಗಳು ಕರೋನಾದಲ್ಲಿ ಸುಲಭವಾಗಿ ಕರಗುವುದಿಲ್ಲ, ಕರಗದೆ ಕಾವಿಲ್ಲ. ಕೆಲವೇ ಸೆಕೆಂಡು ಅವಧಿಯ ಕ್ಷಿಪ್ರ ಅಲೆಗಳ ಮೇಲೆ ಕಣ್ಣು ನೆಟ್ಟದ್ದು ಈ ಕಾರಣಕ್ಕೆ.

ಕರೋನಾದ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲು. ಆಕಾಶದ ಹೊಳಪೇ ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ಗ್ರಹಣವೇ ಗತಿ, ಅದೂ ಕೆಲವೇ ನಿಮಿಷ. ಅಷ್ಟರಲ್ಲಿ ಸೆಕೆಂಡಿಗೆ ಹತ್ತಾರು ಬಾರಿ ಅಳೆಯಬೇಕು. ಅದಕ್ಕಿಂತ ದೊಡ್ಡ ತೊಡಕು ನಮ್ಮ ವಾತಾವರಣವೇ. ನಕ್ಷತ್ರಗಳನ್ನು ಮಿನುಗಿಸುವ ಗಾಳಿಯ ಕಲಕಾಟ ಕರೋನಾವನ್ನೂ ಮಿನುಗಿಸುತ್ತದೆ. ಹೀಗಾಗಿ ಪಾಸಕಾಫ್ ಹಸಿರು ಗೆರೆಯ ಬೆಳಕಿನ ಜತೆಗೆ ಗೆರೆಯಾಚೆಯ ಸಾಮಾನ್ಯ ಬೆಳಕನ್ನೂ ಹೋಲಿಕೆಗೆ ಬಳಸಿದರು. ಮಿಡಿತ ಎರಡರಲ್ಲೂ ಇದ್ದರೆ ಅದು ಗಾಳಿಯ ಕಿತಾಪತಿ. ಹಸಿರಿನಲ್ಲಷ್ಟೇ ಇದ್ದರೆ ಸೂರ್ಯನದಿರಬಹುದು. ಸೆಕೆಂಡಿನ ಆಸುಪಾಸಿನ ಅವಧಿಯಲ್ಲಿ ತುಸು ಸುಳಿವು ಕಂಡಿತು, ಆದರೆ ತೀರ್ಪು ನೀಡುವಷ್ಟಲ್ಲ. 2022ರಲ್ಲಿ ನಿಧನರಾದ ಅವರು ಈ ಹುಡುಕಾಟವನ್ನು 1983ರಲ್ಲಿ ಇಂಡೋನೇಷ್ಯಾದಲ್ಲಿ, 1999ರಲ್ಲಿ ರುಮೇನಿಯಾದಲ್ಲಿ ಮುಂದುವರಿಸಿದ್ದರು.

ಈ ಬೇಟೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಪಾತ್ರ ಸಣ್ಣದಲ್ಲ. 1995ರ ಅಕ್ಟೋಬರ್ 24ರ ಗ್ರಹಣದಲ್ಲಿ ಉತ್ತರಪ್ರದೇಶದ ಕಾಲ್ಪಿಯಲ್ಲಿ ಜಗದೇವ್ ಸಿಂಗ್ ಮತ್ತು ಸಂಗಡಿಗರು ಕರೋನಾದ ಆರು ಬಿಂದುಗಳ ಬೆಳಕನ್ನು ಏಕಕಾಲಕ್ಕೆ ಅಳೆದರು. ಅವುಗಳಲ್ಲೊಂದರಲ್ಲಿ ಸುಮಾರು 5ರಿಂದ 56 ಸೆಕೆಂಡುವರೆಗಿನ ಅವಧಿಯ ಏರಿಳಿತಗಳನ್ನು ಗುರುತಿಸಿದರು. 1998ರಲ್ಲಿ ಅದೇ ಸಂಸ್ಥೆಯ ತಂಡ ವೆನಿಜುವೆಲಾಕ್ಕೂ ಹೋಗಿ ಅಳತೆ ಮಾಡಿತು. ಮರುವರ್ಷ ಬಲ್ಗೇರಿಯಾದ ಶಬ್ಲಾದಲ್ಲಿ ಬ್ರಿಟಿಷ್ ಹಾಗೂ ಪೋಲಿಷ್ ವಿಜ್ಞಾನಿಗಳು ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆಯುವ ಜೋಡಿ ಕ್ಯಾಮರಾ ಬಳಸಿ, ಕರೋನಾದ ಕುಣಿಕೆಯೊಂದರಲ್ಲಿ ಆರು ಸೆಕೆಂಡಿನ ಅಲೆಯನ್ನು ಕಂಡುದಾಗಿ ವರದಿ ಮಾಡಿದರು.

ಇಷ್ಟಾದರೂ ಕಂಡದ್ದು ಮತ್ತೆ ಕಾಣುವುದು ಅಪರೂಪ. ನಂತರದ ಗ್ರಹಣಗಳಲ್ಲಿ, 2017ರ ಅಮೆರಿಕದ ಗ್ರಹಣವೂ ಸೇರಿದಂತೆ, ಇಂಥದೇ ಶೋಧ ನಡೆಸಿದವರಿಗೆ ಖಚಿತ ಮಿಡಿತ ಸಿಗಲಿಲ್ಲ. ಇದನ್ನು ಸೋಲೆಂದು ಬಗೆಯುವುದು ಸರಿಯಲ್ಲ. ಇಷ್ಟಕ್ಕಿಂತ ದೊಡ್ಡ ಏರಿಳಿತ ಅಲ್ಲಿಲ್ಲ ಎಂದು ತಿಳಿದರೂ ಸಿದ್ಧಾಂತಕಾರರ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಗಾಳಿಯ ಕಾಟವಿಲ್ಲದ ಬಾಹ್ಯಾಕಾಶದಿಂದ ನೋಡುವ ಕಾಲವೂ ಬಂದಿದೆ. ಯುರೋಪಿನ ಸೋಲಾರ್ ಆರ್ಬಿಟರ್ ನೌಕೆಯ ಚಿತ್ರಗಳಲ್ಲಿ 14 ಸೆಕೆಂಡು ಅವಧಿಯ ಓಲಾಟವನ್ನು ಗುರುತಿಸಿದ ವರದಿ 2023ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1ರಲ್ಲಿ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಸಿದ್ಧಪಡಿಸಿದ ಕರೋನಾದರ್ಶಕವಿದೆ. ಅದರ ಗುರಿಗಳಲ್ಲಿ ಆ ಹಸಿರು ಗೆರೆಯೂ ಒಂದು. 2024ರ ಡಿಸೆಂಬರಿನಲ್ಲಿ ಶ್ರೀಹರಿಕೋಟದಿಂದ ಏರಿದ ಯುರೋಪಿನ ಪ್ರೋಬಾ-3ರ ಜೋಡಿ ಉಪಗ್ರಹಗಳು, ಒಂದು ಇನ್ನೊಂದಕ್ಕೆ 150 ಮೀಟರ್ ದೂರದಿಂದ ಮರೆಯಾಗಿ ನಿಂತು, ಗಂಟೆಗಟ್ಟಲೆ ಬಾಳುವ ಕೃತಕ ಗ್ರಹಣವನ್ನೇ ಸೃಷ್ಟಿಸುವಂತೆ ರೂಪುಗೊಂಡವು.

ಆದರೂ ಸೆಕೆಂಡಿಗೆ ನೂರಾರು ಚಿತ್ರಗಳ ರಾಶಿಯನ್ನು ಕೂಡಲೇ ದಾಖಲಿಸಿಕೊಳ್ಳುವ ಅನುಕೂಲ ನೆಲದ ಮೇಲಿನ ಉಪಕರಣಗಳಿಗೇ ಹೆಚ್ಚು. 2027ರ ಆಗಸ್ಟ್ 2ರ ಗ್ರಹಣದ ಪೂರ್ಣತೆ ಈಜಿಪ್ಟಿನ ಲಕ್ಸರ್ ಬಳಿ ಆರು ನಿಮಿಷಕ್ಕೂ ಮಿಕ್ಕುವ ಲೆಕ್ಕ. 1980ರಲ್ಲಿ ಜಪಾಲ್‌ನಲ್ಲಿ ದೊರೆತದ್ದರ ಎರಡು ಪಟ್ಟಿಗೂ ಹೆಚ್ಚು.