ದೇವತೆಗಳ ತೋಟದ ಕೆಂಬಂಡೆಗಳು

ತೋಟವೆಂದ ಮೇಲೆ ಗಿಡವಿರಬೇಕು, ಪಾತಿಯಿರಬೇಕು, ನೀರು ಹಾಯಿಸುವವನೊಬ್ಬನಿರಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಕೊಲೊರಾಡೋದಲ್ಲಿ ಇವುಗಳ ಹಂಗಿಲ್ಲದ ಒಂದು ತೋಟವುಂಟು. ಅಲ್ಲಿ ಬೆಳೆದು ನಿಂತಿರುವುದು ಕಲ್ಲು. ಅದೂ ಕಾವಿ ಬಳಿದಂತೆ ಕೆಂಪಾದ ಕಲ್ಲು. 'ಗಾರ್ಡನ್ ಆಫ್ ದಿ ಗಾಡ್ಸ್', ಎಂದರೆ ದೇವತೆಗಳ ತೋಟ, ಎಂಬುದು ಅದರ ಹೆಸರು. ರಾಕಿ ಪರ್ವತಗಳ ಮೂಡಣ ತಪ್ಪಲಿನಲ್ಲಿ, ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಪಟ್ಟಣದ ಅಂಚಿನಲ್ಲಿ ಅದು ಇದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಎಷ್ಟು ಎತ್ತರವೋ ಆ ತೋಟದ ನೆಲವೇ ಹೆಚ್ಚು ಕಡಮೆ ಅಷ್ಟು ಎತ್ತರದಲ್ಲಿದೆ.

ಮೂಡಲಿಂದ ಬರುವವನಿಗೆ ಮೊದಲು ಕಾಣುವುವು ಎರಡು ಮಹಾ ಬಂಡೆಗಳು. ಸುತ್ತಲಿನ ನೆಲದಿಂದ ನೆಟ್ಟಗೆ ಎದ್ದು ಸುಮಾರು 300 ಅಡಿಯವರೆಗೂ ಏರಿವೆ. ನಡುವೆ ಹೆಬ್ಬಾಗಿಲಿನಂತೆ ಒಂದು ತೆರಪು. ಆ ತೆರಪಿನ ಆಚೆಗೆ, ದೂರದಲ್ಲಿ, 14,115 ಅಡಿ ಎತ್ತರದ ಪೈಕ್ಸ್ ಶಿಖರವು ವರ್ಷದ ಬಹುಭಾಗ ಹಿಮವನ್ನು ಹೊತ್ತು ನಿಂತಿರುತ್ತದೆ. ಕೆಳಗೆ ಕಡುಹಸುರಿನ ಜೂನಿಪರ್ ಗಿಡಗಳು, ಅವುಗಳ ಮೇಲೆ ಕೆಂಪು ಗೋಡೆ, ಗೋಡೆಯ ಆಚೆ ಬಿಳಿಯ ಶಿಖರ, ಎಲ್ಲಕ್ಕೂ ಹಿಂದೆ ಒಣಹವೆಯ ಅಚ್ಚ ನೀಲಿಯ ಆಕಾಶ. ಚಿತ್ರಕಾರನೊಬ್ಬನು ಹೀಗೆ ಬರೆದಿದ್ದರೆ ಬಣ್ಣ ಅತಿಯಾಯಿತೆಂದು ನಾವೇ ಆಕ್ಷೇಪಿಸುತ್ತಿದ್ದೆವು.

ಹೆಸರು ಬಂದ ಬಗೆಯನ್ನು ಅಲ್ಲಿಯವರು ನಗುತ್ತ ಹೇಳುತ್ತಾರೆ. 1859ರಲ್ಲಿ, ಹತ್ತಿರದಲ್ಲಿ ಒಂದು ಊರನ್ನು ನೆಲೆಗೊಳಿಸಲು ಅಳತೆಗಾಗಿ ಬಂದಿದ್ದ ಇಬ್ಬರು ಈ ಸ್ಥಳವನ್ನು ಕಂಡರು. ಅವರಲ್ಲಿ ಬೀಚ್ ಎಂಬಾತನು, ಬಿಯರ್ ಪಾನಶಾಲೆಯ ತೋಟಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳ ಸಿಕ್ಕದೆಂದು ಹೇಳಿದನಂತೆ. ಜತೆಗಾರನಾದ ಕೇಬಲ್ ಎಂಬಾತನಿಗೆ ಇದು ಹಿಡಿಸಲಿಲ್ಲ. ದೇವತೆಗಳು ಸಭೆ ಸೇರಲು ತಕ್ಕ ಸ್ಥಳವಿದು, ಅವರ ತೋಟವೆಂದೇ ಕರೆಯೋಣವೆಂದನಂತೆ. ಯಾವ ದೇವತೆಗಳೆಂಬುದನ್ನು ಅವನು ಹೇಳಿದಂತಿಲ್ಲ. ಆ ನೆಲಕ್ಕೆ ಅದಾಗಲೇ ಒಡೆಯರಿದ್ದರೆಂಬುದೂ ಇಬ್ಬರಿಗೂ ತೋರಿದಂತಿಲ್ಲ. ಯೂಟ್ ಎಂಬ ಮೂಲನಿವಾಸಿ ಜನರು ಈ ಬಂಡೆಗಳ ನೆರಳಿನಲ್ಲಿ ಬೀಡು ಬಿಡುತ್ತಿದ್ದರು. ಅವರು ಬಂಡೆಯ ಮೇಲೆ ಕೊರೆದ ಚಿತ್ರಗಳು ಇನ್ನೂ ಇವೆ. 1868ರ ಒಪ್ಪಂದದಿಂದ ಅವರನ್ನು ಪರ್ವತಗಳ ಪಡುವಣಕ್ಕೆ ಸರಿಸಿದರು. 1881ರಲ್ಲಿ ಅವರಲ್ಲಿ ಹೆಚ್ಚಿನವರನ್ನು ಕೊಲೊರಾಡೋದಿಂದಲೇ ಹೊರಡಿಸಿದರು. ಈ ತೋಟದ ಚರಿತ್ರೆಯನ್ನು ಹೇಳುವವರು ಪಾನಶಾಲೆಯ ಕಥೆಯನ್ನು ಹೇಳಿ ಇದನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಇನ್ನು ಬಂಡೆಗಳ ವಿಷಯ. ಇವು ಗ್ರಾನೈಟಿನಂತೆ ಬೆಂಕಿಯಿಂದ ಹುಟ್ಟಿದ ಕಲ್ಲುಗಳಲ್ಲ, ಮರಳುಗಲ್ಲುಗಳು. ಈಗಿನ ರಾಕಿ ಪರ್ವತಗಳು ತಲೆಯೆತ್ತುವುದಕ್ಕೆ ಬಹು ಮೊದಲು, ಸುಮಾರು 30 ಕೋಟಿ ವರ್ಷಗಳ ಹಿಂದೆ, ಆ ಪ್ರದೇಶದಲ್ಲಿ ಬೇರೊಂದು ಪರ್ವತಸಾಲು ಇತ್ತು. ಮಳೆ ಗಾಳಿಗಳು ಅದನ್ನು ಸವೆಯಿಸಿದುವು. ಹೊಳೆಗಳು ಅದರ ಪುಡಿಯನ್ನೂ ಉರುಳುಗಲ್ಲುಗಳನ್ನೂ ತಂದು ತಪ್ಪಲಿನಲ್ಲಿ ಹಾಸಿದುವು. ಫೌಂಟನ್ ಪದರವೆಂದು ಭೂಶಾಸ್ತ್ರಜ್ಞರು ಕರೆಯುವುದು ಅದನ್ನೇ. ಹತ್ತಿರ ಹೋಗಿ ನೋಡಿದರೆ ಅದರೊಳಗೆ ಹುದುಗಿರುವ ನುಣುಪಾದ ಹರಳುಗಳು ಇಂದಿಗೂ ಕಾಣುತ್ತವೆ. ಅನಂತರದ ಕಾಲದಲ್ಲಿ ನೆಲ ಒಣಗಿ, ಗಾಳಿ ತೂರಿದ ನಯವಾದ ಮರಳಿನ ದಿಬ್ಬಗಳು ಹಬ್ಬಿದುವು. ಅದು ಗಟ್ಟಿಯಾಗಿ ಲಯನ್ಸ್ ಪದರವಾಯಿತು. ಹೆಬ್ಬಾಗಿಲಿನ ಎರಡು ಬಂಡೆಗಳೂ ಈ ಹಳೆಯ ಮರಳುಗಾಡಿನ ತುಂಡುಗಳೇ. ಒಂದು ಪುರಾತನ ಪರ್ವತ ಸತ್ತು ಮಣ್ಣಾಗಿ, ಆ ಮಣ್ಣೇ ಮತ್ತೆ ಬಂಡೆಯಾಗಿದೆಯೆಂದರೆ ತಪ್ಪಾಗದು.

ಕೆಂಪಿಗೆ ಕಾರಣ ಕಬ್ಬಿಣ. ಮರಳಿನ ಕಣಗಳ ಮೈಗೆ ಅಂಟಿಕೊಂಡ ಕಬ್ಬಿಣದ ಅಂಶವು ಗಾಳಿಯ ಆಮ್ಲಜನಕದೊಡನೆ ಕೂಡಿ ತುಕ್ಕಿನಂತಾಗುತ್ತದೆ. ನಮ್ಮ ಮನೆಗಳ ಗೋಡೆಗೆ ಬಳಿಯುವ ಕೆಮ್ಮಣ್ಣಿಗೂ ಬಣ್ಣ ಬಂದಿರುವುದು ಇದರಿಂದಲೇ. ಅದು ಒಂದು ತೆಳುವಾದ ಲೇಪ ಮಾತ್ರ. ಆದರೆ ಕಣ ಕಣಕ್ಕೂ ಇರುವುದರಿಂದ ಬೆಟ್ಟವೇ ಕೆಂಪಾಗಿ ತೋರುತ್ತದೆ.

ಆದರೆ ಮರಳುಗಲ್ಲು ಸಾಮಾನ್ಯವಾಗಿ ಮಲಗಿರುತ್ತದೆ, ಇಲ್ಲಿ ನಿಂತಿರುವುದೇಕೆ? ಬಾದಾಮಿಯನ್ನು ಕಂಡವರಿಗೆ ಈ ಪ್ರಶ್ನೆ ಕೂಡಲೇ ಹೊಳೆಯಬೇಕು. ಅಲ್ಲಿಯೂ ಕಲ್ಲು ಕೆಂಪು, ಅಲ್ಲಿಯೂ ಮರಳುಗಲ್ಲು. ಆದರೆ ಪದರಗಳು ಬಹುಮಟ್ಟಿಗೆ ಹಾಸಿದಂತೆ ಅಡ್ಡಲಾಗಿವೆ. ಕೊಲೊರಾಡೋದಲ್ಲಿ ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಈಗಿನ ರಾಕಿ ಪರ್ವತಗಳು ಮೇಲೇಳತೊಡಗಿದುವು. ಅಡಿಯಿಂದ ಮೇಲೆ ಬಂದ ಗಟ್ಟಿಕಲ್ಲು ತನ್ನ ಮೇಲಿದ್ದ ಪದರಗಳನ್ನು ಎತ್ತಿ, ಬಾಗಿಸಿ, ತಪ್ಪಲಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿತು. ಮೇಜಿನ ಮೇಲೆ ಮಲಗಿಸಿದ್ದ ತಾಳೆಗರಿಯ ಕಟ್ಟನ್ನು ಅಂಚಿನ ಮೇಲೆ ನಿಲ್ಲಿಸಿದರೆ ಹೇಗೋ ಹಾಗೆ. ಆಮೇಲೆ ಮಳೆ, ಮಂಜು, ಗಾಳಿಗಳು ಮೆದುವಾದ ಗರಿಗಳನ್ನು ತಿಂದುಹಾಕಿದುವು. ಗಟ್ಟಿಯಾದುವು ಗೋಡೆಗಳಾಗಿ ಉಳಿದುವು.

ಈ ಒಂದು ಸಂಗತಿಯಿಂದಲೇ ದೇವತೆಗಳ ತೋಟವನ್ನು ಕಾಲ್ನಡಿಗೆಯಲ್ಲಿ ನೋಡಬೇಕು, ಮೋಟಾರಿನಲ್ಲಿ ಕುಳಿತು ನೋಡಬಾರದು, ಎಂದು ನನ್ನ ಅಭಿಪ್ರಾಯ. ಪದರಗಳು ಮಲಗಿರುವ ಕಡೆ ಹಳೆಯದನ್ನು ನೋಡಬೇಕಾದರೆ ಬಾವಿಯನ್ನೋ ಗಣಿಯನ್ನೋ ತೋಡಬೇಕು. ಪದರಗಳು ನಿಂತಿರುವ ಕಡೆ ಅಡ್ಡಲಾಗಿ ನಡೆದರೆ ಸಾಕು. ಮೂಡಲ ಕಡೆಯ ದಿಣ್ಣೆಗಳಿಂದ ಹೊರಟು ಪಡುವಣಕ್ಕೆ ಹೆಜ್ಜೆ ಹಾಕುವವನು ಒಂದೊಂದು ಸಾಲನ್ನು ದಾಟಿದಂತೆಲ್ಲ ಕಾಲದಲ್ಲಿ ಹಿಂದೆ ಹಿಂದೆ ಹೋಗುತ್ತಾನೆ: ಮೊದಲು ಹಳೆಯ ಸಮುದ್ರದ ಕೆಸರು, ಆಮೇಲೆ ಮರಳುಗಾಡು, ಆಮೇಲೆ ಹೊಳೆಯ ಜಲ್ಲಿ, ಆಚೆ ಪರ್ವತದ ಬುಡದಲ್ಲಿ ನೂರು ಕೋಟಿ ವರ್ಷಕ್ಕೂ ಹಳೆಯದಾದ ಗ್ರಾನೈಟು. ಒಂದು ಬೆಳಗಿನ ನಡಿಗೆಯಲ್ಲಿ ಇಷ್ಟು ದೂರ ಹಿಂದಕ್ಕೆ ಹೋಗಬಹುದಾದ ಸ್ಥಳಗಳು ಲೋಕದಲ್ಲಿ ಬಹಳ ಇಲ್ಲ. 1878ರಲ್ಲಿ ಇಲ್ಲಿ ಒಂದು ಡೈನೋಸಾರಿನ ತಲೆಬುರುಡೆ ದೊರೆಯಿತು. ಅದನ್ನು ಆಗಲೇ ತಿಳಿದಿದ್ದ ಬೇರೆ ಜಾತಿಗೆ ಸೇರಿದುದೆಂದು ವಿದ್ವಾಂಸರು ಬಹುಕಾಲ ಎಣಿಸಿದ್ದರು; 2006ರಲ್ಲಿ ಮತ್ತೆ ಪರೀಕ್ಷಿಸಿ, ಅದೇ ಒಂದು ಪ್ರತ್ಯೇಕ ಕುಲವೆಂದು ನಿರ್ಧರಿಸಿ, ದೇವತೆಗಳ ತೋಟದ್ದು ಎಂಬರ್ಥ ಬರುವಂತೆ 'ಥಿಯೋಫೈಟೇಲಿಯ' ಎಂದು ಗ್ರೀಕ್ ಹೆಸರಿಟ್ಟರು.

ನಡೆಯುವ ದಾರಿಗಳು ಎರಡು ಬಗೆ. ಹೆಬ್ಬಾಗಿಲಿನ ಬಂಡೆಗಳ ನಡುವೆ ಸುತ್ತಿ ಬರುವ ಮುಖ್ಯವಾದ ದಾರಿ ಎರಡು ಮೈಲಿಗೂ ಕಡಮೆ. ಸಮತಟ್ಟಾಗಿ ಗಚ್ಚು ಮಾಡಿರುವುದರಿಂದ ಮುದುಕರೂ, ಗಾಲಿಕುರ್ಚಿಯವರೂ ಹೋಗಬಹುದು. ಉಳಿದುವು ಮಣ್ಣಿನ ಕಾಲುದಾರಿಗಳು. ಏರಿಳಿವು ಉಂಟು, ಜನ ಕಡಮೆ. ಅವುಗಳಲ್ಲೊಂದು ಜೋಡಿಬಂಡೆಯೊಂದಕ್ಕೆ ಒಯ್ಯುತ್ತದೆ. ಆ ಬಂಡೆಗಳ ನಡುವೆ ಒಂದು ಕಿಂಡಿ. ಬಗ್ಗಿ ನೋಡಿದರೆ ಪೈಕ್ಸ್ ಶಿಖರವು ಚೌಕಟ್ಟು ಕಟ್ಟಿದ ಪಟದಂತೆ ಅದರೊಳಗೆ ಕೂತಿರುತ್ತದೆ. ಹೋಗುವುದಾದರೆ ಬೆಳಗ್ಗೆಯೇ ಹೋಗಬೇಕು. ಸೂರ್ಯನು ಎದುರು ಬಯಲಿನಿಂದ ಏಳುವುದರಿಂದ ಬಂಡೆಗಳ ಮೂಡಣ ಮುಖಕ್ಕೆ ಮೊದಲ ಬಿಸಿಲು ನೇರವಾಗಿ ಬಿದ್ದು, ಕೆಂಪು ಕೆಂಡದ ಕೆಂಪಾಗುತ್ತದೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಪರ್ವತದ ಕಡೆಯಿಂದ ಇದ್ದಕ್ಕಿದ್ದಂತೆ ಗುಡುಗು ಸಿಡಿಲು ಬರುವುದುಂಟು. ಎತ್ತರದ ತೆಳುಹವೆಯಲ್ಲಿ ಬಾಯಾರಿಕೆ ತಿಳಿಯದೆಯೇ ಮೈ ಬತ್ತುತ್ತದೆ, ನೀರನ್ನು ಒಯ್ಯಲೇಬೇಕು. ಬುಡುಬುಡಿಕೆಯಂತೆ ಬಾಲವನ್ನಾಡಿಸುವ ವಿಷಸರ್ಪವೂ ಅಲ್ಲಿದೆ. ಪೊದೆಯೊಳಕ್ಕೆ ಕಾಲಿಡದಿರುವುದು ಲೇಸು.

ಬಂಡೆಗಳಿಗೆಲ್ಲ ಹೆಸರುಗಳಿವೆ. ಉತ್ತರದ ಬಾಗಿಲುಬಂಡೆಯ ನೆತ್ತಿಯ ಮೇಲೆ ಮುತ್ತಿಡುವ ಒಂಟೆಗಳಂತೆ, ಇನ್ನೊಂದು ಹಡಗಂತೆ. ಮಕ್ಕಳಿಗೆ ಇದು ವಿನೋದ, ನಿಜ. ಆದರೆ ಒಂಟೆಯನ್ನು ಕಂಡೊಡನೆ ದೊಡ್ಡವರೂ ನೋಡುವುದನ್ನು ನಿಲ್ಲಿಸಿಬಿಡುತ್ತಾರೆ. ಒಂಟೆ ಸಿಕ್ಕಿತು, ಕಲ್ಲು ಕಳೆದುಹೋಯಿತು. ಇಂಥ ಹೆಸರುಗಳಲ್ಲಿ 'ತೂಗುಬಂಡೆ' ಎಂದು ಕರೆಯಬಹುದಾದ ಒಂದು ಮಾತ್ರ ತಕ್ಕದ್ದೆಂದು ತೋರುತ್ತದೆ. ಸುಮಾರು 700 ಟನ್ನು ತೂಕವೆಂದು ಹೇಳುವ ಈ ಬಂಡೆ ಇಳಿಜಾರಿನ ಮೇಲೆ ಒಂದು ಸಣ್ಣ ಬುಡದ ಮೇಲೆ ನಿಂತಿದೆ. ಯಾರೂ ತಂದಿಟ್ಟುದಲ್ಲ, ಎಲ್ಲಿಂದಲೂ ಉರುಳಿ ಬಂದುದೂ ಅಲ್ಲ. ಬುಡದ ಮೆದು ಭಾಗವು ಸವೆದು, ಮೇಲಿನ ಗಟ್ಟಿ ಭಾಗವು ಇದ್ದಲ್ಲಿಯೇ ಉಳಿದಿದೆ. ಮನುಷ್ಯನ ಲೆಕ್ಕದಲ್ಲಿ ಅದು ಸ್ಥಿರ, ಬೆಟ್ಟದ ಲೆಕ್ಕದಲ್ಲಿ ಅದು ಬೀಳುತ್ತಲಿದೆ.

ಈ ಬಂಡೆಯ ಸುತ್ತ ಒಂದು ಕಾಲದಲ್ಲಿ ಬೇಲಿಯಿತ್ತು. ಅದನ್ನು ತಿಳಿಯಬೇಕಾದರೆ ತೋಟದ ಒಡೆತನದ ಕಥೆಯನ್ನು ಹೇಳಬೇಕು. ಕೊಲೊರಾಡೋ ಸ್ಪ್ರಿಂಗ್ಸ್ ಪಟ್ಟಣವನ್ನು 1871ರಲ್ಲಿ ಸ್ಥಾಪಿಸಿದ ಜನರಲ್ ಪಾಮರನು ತನ್ನ ಮಿತ್ರನೂ ಬರ್ಲಿಂಗ್ಟನ್ ರೈಲ್ವೆಯ ಹಿರಿಯ ಅಧಿಕಾರಿಯೂ ಆದ ಚಾರ್ಲ್ಸ್ ಎಲಿಯಟ್ ಪರ್ಕಿನ್ಸ್ ಎಂಬಾತನಿಗೆ ಇಲ್ಲಿ ನೆಲ ಕೊಳ್ಳುವಂತೆ ಹೇಳಿದನು. ಪರ್ಕಿನ್ಸನು 1879ರಲ್ಲಿ 240 ಎಕರೆಯನ್ನು ಕೊಂಡನು. ಮುಂದೆ ಇನ್ನಷ್ಟು ಸೇರಿಸಿದನು. ಬೇಸಗೆಯ ಮನೆ ಕಟ್ಟುವ ಯೋಚನೆಯಿತ್ತು, ಕಟ್ಟಲಿಲ್ಲ. ನೆಲವನ್ನು ಇದ್ದಂತೆಯೇ ಬಿಟ್ಟು, ಬಂದವರು ಬಂದು ನೋಡಿಹೋಗಲು ಬಿಟ್ಟನು. 1907ರಲ್ಲಿ ಅವನು ತೀರಿಕೊಂಡಾಗ ದಾನದ ಏರ್ಪಾಡು ಇನ್ನೂ ಆಗಿರಲಿಲ್ಲ. ತಂದೆಯ ಇಂಗಿತವನ್ನು ಬಲ್ಲ ಮಕ್ಕಳು 1909ರಲ್ಲಿ 480 ಎಕರೆಯನ್ನು ಪಟ್ಟಣಕ್ಕೆ ಬರೆದುಕೊಟ್ಟರು. ಷರತ್ತುಗಳು ಕೆಲವೇ: ಹೆಸರನ್ನು ಎಂದಿಗೂ ಬದಲಾಯಿಸಕೂಡದು; ಪಾಲನೆಗೆ ಅವಶ್ಯವಾದುದನ್ನು ಬಿಟ್ಟು ಕಟ್ಟಡ ಕಟ್ಟಕೂಡದು; ಮದ್ಯವನ್ನು ತಯಾರಿಸಕೂಡದು, ಮಾರಕೂಡದು; ಪ್ರವೇಶವು ಸಕಲರಿಗೂ ಸದಾ ಉಚಿತವಾಗಿರಬೇಕು. ಬೀಚನ ಪಾನಶಾಲೆಗೆ ಐವತ್ತು ವರ್ಷಗಳ ಮೇಲೆ ಹೀಗೆ ಕಾಗದದ ಮೂಲಕ ಉತ್ತರ ಬಂದಿತು.

ಆದರೆ ತೂಗುಬಂಡೆ ಆ 480 ಎಕರೆಯೊಳಗೆ ಇರಲಿಲ್ಲ. ಅದು ಛಾಯಾಚಿತ್ರದ ಕಸುಬಿನ ಒಂದು ಕುಟುಂಬದ ಸ್ವತ್ತು. ಬಂದವರನ್ನು ಕತ್ತೆಯ ಮೇಲೆ ಕೂರಿಸಿ, ಬಂಡೆಯ ಪಕ್ಕದಲ್ಲಿ ನಿಲ್ಲಿಸಿ, ಪಟ ತೆಗೆದು ಮಾರುವುದು ಅವರ ಜೀವನ. ಕೆಲವು ವರ್ಷಗಳಲ್ಲಿ ಅಗ್ಗದ ಕ್ಯಾಮೆರಾ ಎಲ್ಲರ ಕೈಗೂ ಬಂದಿತು, ಪಟ ಕೊಳ್ಳುವವರಿಲ್ಲವಾದರು. ಆಗ ಬಂಡೆಯ ಸುತ್ತ ಎತ್ತರದ ಬೇಲಿ ಎದ್ದಿತು. ಒಳಗೆ ಹೋಗಲು ಕಾಸು ಕೊಡಬೇಕಾಯಿತು. ಹೊಟ್ಟೆಯ ಪಾಡಿಗಾಗಿ ಮಾಡಿದವರನ್ನು ಬಯ್ಯುವುದು ಸುಲಭ. ಆದರೆ 30 ಕೋಟಿ ವರ್ಷದ ಕಲ್ಲನ್ನು ಹಲಗೆಯಿಂದ ಮರೆಮಾಡಿ, ದಾರಿಹೋಕನ ಕಣ್ಣಿಗೂ ಸುಂಕ ಹಾಕಬಹುದೇ ಎಂಬ ಪ್ರಶ್ನೆ ಅಲ್ಲಿ ಎದ್ದೇ ಎದ್ದಿತು. 1932ರಲ್ಲಿ ಪಟ್ಟಣದವರು ಆ ನೆಲವನ್ನು ಕೊಂಡು ಬೇಲಿಯನ್ನು ಕಿತ್ತುಹಾಕಿದರು. ಇಂದು ತೋಟದ ವಿಸ್ತಾರ 1,300 ಎಕರೆಗೂ ಹೆಚ್ಚು. 1971ರಲ್ಲಿ ಅದನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕಗಳಲ್ಲಿ ಸೇರಿಸಲಾಯಿತು.

ಕಲ್ಲನ್ನೇ ನೋಡುತ್ತ ಪ್ರಾಣಿಗಳನ್ನು ಮರೆಯಬಾರದು. ಬಂಡೆಯ ಬಿರುಕುಗಳಲ್ಲಿ ಡೇಗೆಗಳು ಮರಿಮಾಡುತ್ತವೆ. ಬಾಗಿದ ದಪ್ಪ ಕೊಂಬಿನ ಕಾಡುಕುರಿಗಳು ಒಮ್ಮೊಮ್ಮೆ ಪರ್ವತದಿಂದ ಇಳಿದು ಬರುತ್ತವೆ. ಎಲ್ಲಕ್ಕಿಂತ ವಿಚಿತ್ರವಾದುದು ಜೇನಿರುವೆ. ಮೆಕ್ಕುಕ್ ಎಂಬ ಪಾದ್ರಿಯು 1879ರಲ್ಲಿ ಈ ತೋಟದ ದಿಣ್ಣೆಗಳಲ್ಲಿ ಅವುಗಳ ಗೂಡುಗಳನ್ನು ಅಗೆದು ಪರೀಕ್ಷಿಸಿ ಒಂದು ಪುಸ್ತಕವನ್ನೇ ಬರೆದನು. ರಾತ್ರಿ ಹೊರಟ ಇರುವೆಗಳು ಕುರುಚಲು ಓಕ್ ಗಿಡಗಳ ಗಂಟುಗಳಿಂದ ಒಸರುವ ಸಿಹಿಯನ್ನು ಹೀರಿ ತಂದು, ಗೂಡಿನ ಚಾವಣಿಗೆ ನೇತುಬಿದ್ದಿರುವ ತಮ್ಮ ಸೋದರಿಯರಿಗೆ ಉಣಿಸುತ್ತವೆ. ಅವುಗಳ ಹೊಟ್ಟೆ ದ್ರಾಕ್ಷಿಯ ಹಣ್ಣಿನಷ್ಟು ಉಬ್ಬುತ್ತದೆ. ಅಭಾವ ಬಂದಾಗ ಆ ಜೀವಂತ ಗಡಿಗೆಗಳಿಂದ ಎಲ್ಲರಿಗೂ ಹಂಚಿಕೆ. ಸರ್ವರಿಗೂ ಉಚಿತವೆಂಬ ಕಟ್ಟಳೆ ಪರ್ಕಿನ್ಸನಿಗೆ ಮೊದಲೇ ಆ ನೆಲದಲ್ಲಿ ನಡೆಯುತ್ತಿತ್ತೆನ್ನಬೇಕು!

ಬಾಗಿಲು ತೆರೆದಿದ್ದರೆ ಜನ ಬರುತ್ತಾರೆ. ಪ್ರತಿವರ್ಷವೂ ಲಕ್ಷಾಂತರ ಜನ ಬರುತ್ತಾರೆ. ಮರಳುಗಲ್ಲು ಮೆದು, ಹೆಸರು ಕೊರೆಯುವವನ ಚಾಕುವಿಗೆ ಸುಲಭವಾಗಿ ಸೋಲುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಮೆದುವಾಗುವುದರಿಂದ ಆಗ ಬಂಡೆ ಹತ್ತುವುದು ನಿಷಿದ್ಧ. ಒಣದಿನಗಳಲ್ಲಿಯೂ ಹಗ್ಗ ಮೊದಲಾದ ಸಾಧನಗಳಿರುವವರು ಹೆಸರು ಬರೆಸಿಯೇ ಹತ್ತಬೇಕು. ಇದಕ್ಕಿಂತ ದೊಡ್ಡ ಹಾನಿ ಯಾರಿಗೂ ಹಾನಿಯೆಂದು ತೋರದಂಥದು. ದಾರಿಯ ತಿರುವನ್ನು ಉಳಿಸಲೆಂದು ಒಬ್ಬನು ಹುಲ್ಲಿನ ಮೇಲೆ ಅಡ್ಡಹಾದು ಹೋಗುತ್ತಾನೆ. ಅವನ ಹೆಜ್ಜೆಯ ಮೇಲೆ ನೂರು ಜನ ಹೋಗುತ್ತಾರೆ. ಹುಲ್ಲು ಸತ್ತ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. ಅದೃಶ್ಯನಾದ ಆ ಮೊದಲನೆಯವನಿಗೆ ಬೇಲಿ ಹಾಕಲು ಯಾವ ದಾನಪತ್ರಕ್ಕೂ ಸಾಧ್ಯವಿಲ್ಲ. ಉದ್ಯಾನದವರು ಇಂಥ ಕಳ್ಳದಾರಿಗಳನ್ನು ಮುಚ್ಚಿ, ಮತ್ತೆ ಹುಲ್ಲು ಬರಿಸುವ ಕೆಲಸದಲ್ಲಿಯೇ ಬಹಳ ಶ್ರಮಪಡುತ್ತಾರೆ.

ಈ ಶ್ರಮಕ್ಕೆ ಹಣ ಬೇಕಲ್ಲವೆ? ಪ್ರವೇಶಕ್ಕೆ ಕಾಸು ಕೇಳುವಂತಿಲ್ಲ. ಅದಕ್ಕಾಗಿ 1995ರಲ್ಲಿ ತೋಟದ ಎಲ್ಲೆಯ ಹೊರಗೆ, ಮೂಡಲ ರಸ್ತೆಯ ಆಚೆ, ಒಂದು ದರ್ಶನಮಂದಿರವನ್ನು ಕಟ್ಟಿದರು. ಬಂಡೆಗಳ ವೃತ್ತಾಂತವನ್ನು ಅಲ್ಲಿ ಮಾದರಿಗಳಿಂದ ತೋರಿಸುತ್ತಾರೆ. ತಿಂಡಿ ಕಾಫಿ ಉಂಟು, ಪುಸ್ತಕ ಪಟಗಳ ಮಾರಾಟವುಂಟು. ಬಂದ ಲಾಭದಲ್ಲಿ ತೋಟಕ್ಕೆ ಪಾಲು ಹೋಗುತ್ತದೆ. ಕೊಳ್ಳುವವರು ಕೊಳ್ಳಬಹುದು. ಏನನ್ನೂ ಕೊಳ್ಳದವನು ಅದರ ಜಗುಲಿಯ ಮೇಲೆ ನಿಂತು ಹೆಬ್ಬಾಗಿಲಿನ ಬಂಡೆಗಳನ್ನು ಬೇಕಾದಷ್ಟು ಹೊತ್ತು ನೋಡಿ, ರಸ್ತೆಯನ್ನು ದಾಟಿ, ಚೀಟಿಯಿಲ್ಲದೆ ಒಳಗೆ ನಡೆಯಬಹುದು.