ಗಿಡ್ಡ ನಳಿಕೆ, ಉದ್ದ ಅಪಾಯ: ತೋಟದ ಕೋವಿ ಗುಂಡು ಎಲ್ಲಿ ತನಕ ಹೋಗುತ್ತೆ?

ರಾಗಿ ತೆನೆ ಬಲಿಯೋ ಹೊತ್ತಿಗೆ ಕನಕಪುರದ ಸಾತನೂರು, ಕೋಡಿಹಳ್ಳಿ ಕಡೆ, ಚನ್ನಪಟ್ಟಣದ ತೆಂಗಿನಕಲ್ಲು ಕಾಡಂಚಿನ ಊರುಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತೆ. ಒಂದು ಕಡೆ ಆನೆ, ಇನ್ನೊಂದು ಕಡೆ ಹಂದಿ. ತಮಟೆ, ಪಟಾಕಿ, ಟಾರ್ಚ್ ಜೊತೆಗೆ ಕೆಲವರ ಮನೇಲಿ ತಾತನ ಕಾಲದ ಲೈಸೆನ್ಸ್ ಕೋವಿನೂ ಇರುತ್ತೆ. ಪೇಟೆಗೆ ಬಂದ್ರೆ ಬ್ಯಾಂಕು, ಚಿನ್ನದಂಗಡಿ ಬಾಗಿಲಲ್ಲಿ ಸೆಕ್ಯುರಿಟಿಯವರ ಹೆಗಲ ಮೇಲೂ ಅದೇ 12 ಬೋರ್ ಕೋವಿ.

ಈ ಕೋವಿ ಎಷ್ಟು ದೂರ ಹೊಡೆಯುತ್ತೆ? ಯಾವ ತೋಟಾ ಹಾಕಬೇಕು? ನಳಿಕೆ ಸ್ವಲ್ಪ ಕತ್ತರಿಸಿ ಗಿಡ್ಡ ಮಾಡಿದ್ರೆ ಅನುಕೂಲ ಅಲ್ವಾ? ಈ ಮೂರು ಪ್ರಶ್ನೆಗೂ ಅಂದಾಜಿನ ಉತ್ತರ ಸಾಕಾಗಲ್ಲ. ತಪ್ಪಿದ್ರೆ ಹೋಗೋದು ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕುಯ್ಯೋರ ಜೀವ, ಇಲ್ಲ ಕೋವಿ ಹಿಡಿದವರದ್ದೇ ಕೈ.

20 ಇಂಚಿನ ಲೆಕ್ಕ

ಮೊದಲು ಕಾನೂನು. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ಅಳತೆ ಬರೆದಿದೆ. ರಕ್ಷಣೆ ಅಥವಾ ಕ್ರೀಡೆಗೆ ಜನಸಾಮಾನ್ಯರಿಗೆ ಕೊಡೋ ಕೋವಿ ಒಳಗೆ ನುಣುಪಾದ ನಳಿಕೆಯದ್ದಾಗಿರಬೇಕು, ನಳಿಕೆ 20 ಇಂಚಿಗಿಂತ ಕಡಿಮೆ ಇರಬಾರದು. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಕೋವಿ. ಅದು ಸಾಲದು ಅಂತ ಲೈಸೆನ್ಸ್ ಕೊಡೋ ಅಧಿಕಾರಿಗೆ ಮನವರಿಕೆ ಆದ್ರೆ ಮಾತ್ರ ತೋಟಾ ಹಾಕೋ ಕೋವಿ.

ನಳಿಕೆ ಕತ್ತರಿಸೋದು ಇದೇ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಬೇರೆಯೇ ಅಪರಾಧ. 2019ರ ತಿದ್ದುಪಡಿ ಆದ್ಮೇಲೆ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕೋವಿಗೆ ಲೈಸೆನ್ಸ್ ಇದೆ ಅಂದ್ರೆ ಅದನ್ನು ಗರಗಸಕ್ಕೆ ಕೊಡೋಕೂ ಲೈಸೆನ್ಸ್ ಇದೆ ಅಂತಲ್ಲ.

ಗಿಡ್ಡ ಮಾಡಿದ್ರೆ ಏನಾಗುತ್ತೆ?

ಮದ್ದು ಒಂದೇ ಏಟಿಗೆ ಪೂರ್ತಿ ಉರಿಯಲ್ಲ. ಗುಂಡು ನಳಿಕೆಯೊಳಗೆ ಹೋಗ್ತಾ ಹೋಗ್ತಾ ಹಿಂದಿನಿಂದ ಹೊಗೆಯ ಒತ್ತಡ ತಳ್ಳುತ್ತಲೇ ಇರುತ್ತೆ. ನಳಿಕೆ ಬೇಗ ಮುಗಿದ್ರೆ ತಳ್ಳೋದೂ ಬೇಗ ನಿಲ್ಲುತ್ತೆ. ಮಿಕ್ಕ ಶಕ್ತಿ ಬಾಯಲ್ಲಿ ಬೆಂಕಿ, ಸದ್ದು ಆಗಿ ಹೋಗುತ್ತೆ. ಸದ್ದು ಜಾಸ್ತಿ ಬಂತು ಅಂತ ಏಟು ಜಾಸ್ತಿ ಅಂದ್ಕೊಳ್ಳೋದು ತಪ್ಪು.

ಇದು ಚೆನ್ನಾಗಿ ಕಾಣೋದು ರೈಫಲ್‌ಗಳಲ್ಲಿ. 5.56 ಮಿ.ಮೀ. ರೈಫಲ್ ಗುಂಡು 20 ಇಂಚಿನ ನಳಿಕೆಯಿಂದ ಸೆಕೆಂಡಿಗೆ ಸುಮಾರು 950 ಮೀಟರ್ ವೇಗದಲ್ಲಿ ಹೊರಡುತ್ತೆ. ಅದೇ ಗುಂಡು 10 ಇಂಚಿನ ನಳಿಕೆಯಿಂದ ಬಂದ್ರೆ 800ರ ಆಸುಪಾಸು. ವೇಗ ಆರರಲ್ಲೊಂದು ಪಾಲು ಇಳಿದ್ರೂ ಏಟಿನ ಶಕ್ತಿ ಇಳಿಯೋದು ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು, ಯಾಕಂದ್ರೆ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಹೋಗುತ್ತೆ.

ಅದಕ್ಕೇ ಗಿಡ್ಡ ಆಯುಧ ಮಾಡೋರು ತೋಟಾನೂ ಬದಲಾಯಿಸ್ತಾರೆ. ನಮ್ಮ ಇನ್ಸಾಸ್ ರೈಫಲ್‌ನಲ್ಲಿ ಹಾಕೋದು 45 ಮಿ.ಮೀ. ಉದ್ದದ ತೋಟಾ, ಅದರ ಪರಿಣಾಮಕಾರಿ ದೂರ 400 ಮೀಟರ್. ಡಿಆರ್‌ಡಿಒ ರೂಪಿಸಿದ ಜೆವಿಪಿಸಿ ಕಾರ್ಬೈನ್‌ಗೆ ಗುಂಡಿನ ದಪ್ಪ ಅದೇ ಆದ್ರೂ ತೋಟಾ 30 ಮಿ.ಮೀ. ಮಾತ್ರ, ದೂರ 200 ಮೀಟರ್. ಗಿಡ್ಡ ನಳಿಕೆಯಲ್ಲಿ ಉರಿಯದ ಮದ್ದು ತುಂಬಿ ಪ್ರಯೋಜನ ಇಲ್ಲ ಅಂತ ಮದ್ದನ್ನೇ ಕಮ್ಮಿ ಮಾಡಿದ್ದಾರೆ. ಗಾಡಿಯೊಳಗೆ, ಕೋಣೆಯೊಳಗೆ ಕೆಲಸ ಮಾಡೋ ಪೊಲೀಸರು, ಸೈನಿಕರಿಗೆ ಅಷ್ಟು ದೂರ ಸಾಕು. ಹೊಲ ಕಾಯೋ ರೈತನ ಕೆಲಸವೇ ಬೇರೆ.

12 ಬೋರ್ ಕೋವಿಯ ನಳಿಕೆಯ ತುದಿ ಸಾಮಾನ್ಯವಾಗಿ ಸ್ವಲ್ಪ ಕಿರಿದಾಗಿರುತ್ತೆ. ಸೀಸದ ಕಾಳುಗಳನ್ನು ಒತ್ತಟ್ಟಿಗೆ ಹಿಡಿದಿಡೋದೇ ಆ ಕಿರಿದು. ಕತ್ತರಿಸಿದ್ರೆ ಮೊದಲು ಹೋಗೋದು ಅದು. ಆಮೇಲೆ ಕಾಳು ಯಾವ ಕಡೆ ಹರಡುತ್ತೆ ಅನ್ನೋದು ನಿಮ್ಮ ಕೈಲಿರಲ್ಲ.

ಹೊಡೆಯೋ ದೂರ ಬೇರೆ, ಹೋಗೋ ದೂರ ಬೇರೆ

ಜನ ಸಾಮಾನ್ಯವಾಗಿ ತಪ್ಪು ಮಾಡೋದು ಇಲ್ಲೇ. ಗುರಿಗೆ ಸರಿಯಾಗಿ ತಾಗೋ ದೂರಕ್ಕೆ ಪರಿಣಾಮಕಾರಿ ದೂರ ಅಂತಾರೆ. ಅದು ದಾಟಿದ ಮೇಲೂ ಗುಂಡು ಹಾರ್ತಾ ಇರುತ್ತೆ.

12 ಬೋರ್‌ನಲ್ಲಿ 6ನೇ ನಂಬರ್ ತೋಟಾದಲ್ಲಿ ಸುಮಾರು 2.6 ಮಿ.ಮೀ. ದಪ್ಪದ ಕಾಳು ಇನ್ನೂರೈವತ್ತಕ್ಕೂ ಮೇಲೆ ಇರುತ್ತೆ. ಎಸ್‌ಜಿ ತೋಟಾದಲ್ಲಿ ಸುಮಾರು 8.4 ಮಿ.ಮೀ. ದಪ್ಪದ ಎಂಟೊಂಬತ್ತು ಗುಂಡು ಮಾತ್ರ. ಎಲ್‌ಜಿ ಅದಕ್ಕಿಂತ ದಪ್ಪ, ಸಂಖ್ಯೆ ಇನ್ನೂ ಕಮ್ಮಿ. ಕಾಳಿನ ತೋಟಾ ಆಗಲಿ ಎಸ್‌ಜಿ ಆಗಲಿ, ಭರವಸೆ ಇಡಬಹುದಾದ ದೂರ 35ರಿಂದ 40 ಮೀಟರ್ ಅಷ್ಟೇ.

ಹೋಗೋ ದೂರಕ್ಕೆ ಒಂದು ಸುಲಭ ಲೆಕ್ಕ ಇದೆ. ಸೀಸದ ಗುಂಡಿನ ದಪ್ಪ ಎಷ್ಟು ಮಿ.ಮೀ. ಇದೆಯೋ ಅದನ್ನು 80ರಿಂದ ಗುಣಿಸಿ, ಹೆಚ್ಚೂಕಮ್ಮಿ ಅಷ್ಟು ಮೀಟರ್. ಅಂದ್ರೆ 6ನೇ ನಂಬರ್ ಕಾಳು ಸುಮಾರು 200 ಮೀಟರ್. ಎಸ್‌ಜಿ 650 ಮೀಟರ್ ದಾಟುತ್ತೆ. ಪಾಯಿಂಟ್ 22 ರೈಫಲ್‌ನ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ಮೇಲೆ. ನಿಮ್ಮ ಹೊಲದಿಂದ 650 ಮೀಟರ್ ಅಳೆದು ನೋಡಿ. ನಮ್ಮ ಕಡೆ ಅಷ್ಟರೊಳಗೆ ಒಂದು ಮನೆ, ಒಂದು ರಸ್ತೆ, ಒಂದು ಡೈರಿ ಸಿಗದ ಹೊಲ ಹುಡುಕೋದು ಕಷ್ಟ.

ಪೇಟೆ ಲೆಕ್ಕ ಇನ್ನೂ ಬಿಗಿ. ತುದಿ ಕಿರಿದಿಲ್ಲದ ನಳಿಕೆಯಿಂದ ಹೊಡೆದ್ರೆ 10 ಮೀಟರ್‌ಗೆ ಕಾಳು ಸುಮಾರು ಅರ್ಧ ಮೀಟರ್ ಅಗಲ ಹರಡುತ್ತೆ, 30 ಮೀಟರ್‌ಗೆ ಒಂದು ಮೀಟರ್ ಮೇಲೆ. ಸಂತೆ ದಿನ ಕನಕಪುರ, ಮಾಗಡಿ ಪೇಟೆ ಬೀದಿಯಲ್ಲಿ ಆ ಅಗಲದೊಳಗೆ ಒಬ್ಬರೇ ನಿಂತಿರಲ್ಲ. ಅಂಗಡಿಗೆ ಗನ್‌ಮ್ಯಾನ್ ಇಟ್ಟುಕೊಂಡಿರೋರು ಕೋವಿಯಲ್ಲಿ ಯಾವ ತೋಟಾ ಇದೆ, ಲೈಸೆನ್ಸ್ ಯಾರ ಹೆಸರಲ್ಲಿದೆ, ಯಾವಾಗ ಮುಗಿಯುತ್ತೆ ಅಂತ ಕೇಳಿ ನೋಡಿಕೊಳ್ಳೋದು ಒಳ್ಳೇದು.

ಬಂಡೆ ಮೇಲೆ ಹೊಡೆದ್ರೆ ವಾಪಸ್ ಬರುತ್ತೆ

ರಾಮದೇವರ ಬೆಟ್ಟದಲ್ಲಿ ತೆಗೆದ ‘ಶೋಲೆ’ಯಲ್ಲಿ ಬಂಡೆ ಮರೆಯಲ್ಲಿ ನಿಂತು ಗುಂಡು ಹಾರಿಸೋದನ್ನ ಎಲ್ಲರೂ ನೋಡಿದ್ದೀವಿ. ಸಿನಿಮಾದಲ್ಲಿ ಗುಂಡು ಬಂಡೆಗೆ ಬಡಿದು ಅಲ್ಲಿಗೇ ಮುಗಿಯುತ್ತೆ. ನಿಜದಲ್ಲಿ ಹಾಗಲ್ಲ. ದುಂಡನೆ ಸೀಸದ ಗುಂಡು ಗಟ್ಟಿ ಕಲ್ಲಿಗೆ ಓರೆಯಾಗಿ ತಾಗಿದ್ರೆ ಚಿಮ್ಮುತ್ತೆ, ಯಾವ ಕಡೆಗೆ ಅಂತ ಹೇಳೋಕಾಗಲ್ಲ. ರಾಮನಗರ, ಮಾಗಡಿ ಕಡೆ ಹೊಲದ ನಡುವೆಯೇ ಬಂಡೆ ಇರುತ್ತೆ. ಕೆರೆ ನೀರೂ ಅಷ್ಟೇ, ಗುಂಡನ್ನು ಚಿಮ್ಮಿಸುತ್ತೆ. ಗುಂಡು ಹೂತು ನಿಲ್ಲೋದು ಎತ್ತರದ ಮೆತ್ತನೆ ಮಣ್ಣಿನ ದಿಬ್ಬದಲ್ಲಿ ಮಾತ್ರ.

ತೋಟಾ ಕೊಳ್ಳುವಾಗ

ಹಳೇ ಕೋವಿ ಇರೋರು ಇದೊಂದನ್ನ ಮರೆಯಬಾರದು. ಹಿಂದಿನ ಕಾಲದ ಎಷ್ಟೋ 12 ಬೋರ್ ಕೋವಿಗಳು 65 ಮಿ.ಮೀ. ತೋಟಾಕ್ಕೆ ಅಂತ ಮಾಡಿದವು. 70 ಮಿ.ಮೀ. ತೋಟಾ ಅದರೊಳಗೆ ಆರಾಮಾಗಿ ಕೂತುಬಿಡುತ್ತೆ, ಯಾಕಂದ್ರೆ ಆ ಅಳತೆ ತೋಟಾದ ಮಡಿಚಿದ ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ, ಹಳೇ ನಳಿಕೆ ಸೀಳಬಹುದು. ಕೋವಿ ಮೇಲಿನ ಗುರುತು ನೋಡಿ, ಗೊತ್ತಾಗದಿದ್ರೆ ಲೈಸೆನ್ಸ್ ಇರೋ ಆಯುಧ ಅಂಗಡಿಯಲ್ಲಿ ತೋರಿಸಿ, ಆಮೇಲೆ ತೋಟಾ ತಗೊಳ್ಳಿ. 20 ಬೋರ್ ತೋಟಾ ಮನೇಲಿದ್ರೆ ಬೇರೆ ಡಬ್ಬಿಯಲ್ಲಿಡಿ. ಅದು 12 ಬೋರ್ ನಳಿಕೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತೆ, ಅದರ ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದ್ರೆ ನಳಿಕೆ ಸಿಡಿಯುತ್ತೆ.

ನಾಡಬಂದೂಕಿನ ಕತೆ ಇನ್ನೂ ಕೆಟ್ಟದ್ದು. ನೀರಿನ ಪೈಪಿನ ನಳಿಕೆ, ಪಟಾಕಿ ಮದ್ದು, ಮೊಳೆ, ಕಲ್ಲು. ಮುಂದೆ ಇರೋರಿಗಿಂತ ಹಿಂದೆ ಹಿಡಿದೋರಿಗೇ ಅಪಾಯ ಜಾಸ್ತಿ. ಲೈಸೆನ್ಸ್ ಇಲ್ಲದ ಕೋವಿ ಇಟ್ಟುಕೊಂಡ್ರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಕೋವಿ ಇದೆ ಅಂತ ಹಂದಿ ಹೊಡೆಯಬಹುದಾ?

ಇಲ್ಲ. ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಕೋವಿ ಇಟ್ಟುಕೊಳ್ಳೋಕೆ ಅನುಮತಿ, ಬೇಟೆಗೆ ಅಲ್ಲ. 2022ರ ತಿದ್ದುಪಡಿ ಪ್ರಕಾರ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಪಟ್ಟಿಯಲ್ಲಿದೆ, ಆನೆ, ಚಿರತೆ 1ನೇ ಪಟ್ಟಿಯಲ್ಲಿವೆ. ಹಂದಿಯಿಂದ ಬೆಳೆಹಾನಿ ಆದ್ರೆ ಹೊಡೆಯೋಕೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯಿಂದ ಬರಹದಲ್ಲಿ ಅನುಮತಿ ಬೇಕು. ಆನೆಗೆ ಸೀಸದ ಕಾಳು ಹೊಡೆದ್ರೆ ಅದು ಸಾಯಲ್ಲ, ಗಾಯ ಕೀವಾಗಿ ನರಳುತ್ತೆ, ರೊಚ್ಚಿಗೆದ್ದು ಮನುಷ್ಯರ ಮೇಲೆ ತಿರುಗುತ್ತೆ. ಅದರ ಬೆಲೆ ತೆರೋದು ಬೆಳಗ್ಗೆ ಹಾಲು ಹಾಕೋಕೆ ಡೈರಿಗೆ ಹೊರಟ ಇನ್ಯಾರೋ.

ಆನೆ ಬಂದ್ರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೆಳೆ ಹೋದ್ರೆ ಫೋಟೋ, ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಹಾಕಿ. ಮದುವೆ, ಜಾತ್ರೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದ್ರೆ 2 ವರ್ಷದ ತನಕ ಜೈಲು, ಇಲ್ಲ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲ ಎರಡೂ.

ಮನೇಲಿ ಕೋವಿ ಇದ್ರೆ ಈ ವಾರವೇ ಮೂರು ಕೆಲಸ ಮಾಡಿ: ತೋಟಾ ತೆಗೆದು ಬೇರೆ ಬೀಗದಲ್ಲಿಡಿ, ಲೈಸೆನ್ಸ್ ತಾರೀಕು ನೋಡಿ, ನಳಿಕೆಯಲ್ಲಿ ತುಕ್ಕು, ಬಿರುಕು ಇದೆಯಾ ಅಂತ ಆಯುಧ ಅಂಗಡಿಯಲ್ಲಿ ತೋರಿಸಿ. ಕೋವಿ ಬೇಡವಾಗಿದ್ರೆ ಅಟ್ಟದ ಮೇಲೆ ಬಿಡಬೇಡಿ, ಲೈಸೆನ್ಸ್ ಸಮೇತ ಠಾಣೆಗೆ ಒಪ್ಪಿಸಿ ರಸೀದಿ ತಗೊಳ್ಳಿ.